ನಲವತ್ತು ಕುರ್ಚಿಯ ಲೈಬ್ರರಿ

ಲೈಬ್ರರಿಯಲ್ಲಿ ಕೆಲಸ ಅಂದ ಕೂಡಲೇ ಎಲ್ಲರೂ ಹೇಳುವುದು ಒಂದೇ ಮಾತು: "ನಿಮ್ಗೇನ್ ಬಿಡಿ ಮೇಡಂ, ಆರಾಮು, ಗಲಾಟೆನೇ ಇಲ್ಲ." ಇಪ್ಪತ್ತೆರಡು ವರ್ಷದಿಂದ ಇದನ್ನು ಕೇಳಿಕೊಂಡು ಬಂದಿದ್ದೇನೆ. ಹಾಗೆ ಹೇಳಿದವರನ್ನೆಲ್ಲ ಹಿಡಿದು ತಂದು ಒಂದೇ ಒಂದು ಸೋಮವಾರ ನನ್ನ ಮೇಜಿನ ಹಿಂದೆ ಕೂರಿಸಬೇಕು ಅನ್ನುವುದು ನನ್ನ ಬಹಳ ದಿನದ ಆಸೆ. ನಿಶ್ಶಬ್ದ ಎಂದು ಬೋರ್ಡು ಹಾಕಿದ ಜಾಗದಲ್ಲಿ ನಡೆಯುವಷ್ಟು ಪ್ರಸಂಗಗಳು ಕೋಲಾರದ ಬಸ್ ಸ್ಟ್ಯಾಂಡಿನಲ್ಲೂ ನಡೆಯುವುದಿಲ್ಲ.

ನಮ್ಮದು ಕೋಲಾರದ ಹೊರವಲಯದ ಒಂದು ವಿಶ್ವವಿದ್ಯಾಲಯ ಕ್ಯಾಂಪಸ್. ಶುರುವಾದಾಗ ಲೈಬ್ರರಿ ಅಂತ ಇದ್ದದ್ದು ಎರಡು ಕಬ್ಬಿಣದ ಬೀರು, ಅದೂ ಬಾಡಿಗೆಗೆ ಹಿಡಿದ ಹಳೇ ರೇಷ್ಮೆಹುಳು ಮನೆಯಲ್ಲಿ. ಮೊದಲ ಪುಸ್ತಕದ ಗಂಟುಗಳು ಬಂದದ್ದು ಹಾಲಿನ ವ್ಯಾನಿನಲ್ಲಿ. ನಮ್ಮ ಅಟೆಂಡರ್ ಸುಗಟೂರಿನವರು. ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಅದೇ ವ್ಯಾನ್ ಹತ್ತಿ ಕೆಲಸಕ್ಕೆ ಬರುವವರು. "ಹಾಲು ಚೆಲ್ಲಿದ್ರೂ ಪರವಾಗಿಲ್ಲ, ಪುಸ್ತಕ ನೆನೀಬಾರ್ದು ಅಂತ ಗೋಣಿಚೀಲದ ಮೇಲೆ ನಾನೇ ಕೂತಿದ್ದೆ" ಎಂದು ಇವತ್ತಿಗೂ ಹೇಳುತ್ತಾರೆ. ಆಮೇಲೆ ಸ್ವಂತ ಕಟ್ಟಡವಾಯಿತು, ಗೋಡೆ ತುಂಬ ಕಪಾಟು ಬಂದವು, ನಲವತ್ತು ಕುರ್ಚಿಯ ರೀಡಿಂಗ್ ರೂಮ್ ಆಯಿತು. ಆ ರೂಮೆಂದರೆ ನನಗೆ ಪ್ರಾಣ. ಒಂದೇ ಕೋಣೆಯಲ್ಲಿ ಟಿವಿ, ತೊಟ್ಟಿಲು, ಅಜ್ಜಿಯ ಕೆಮ್ಮು ಎಲ್ಲ ಇರುವ ಮನೆಗಳಿಂದ ಬಂದ ಮಕ್ಕಳು ಅಲ್ಲಿ ಕೂತು ಓದಿಯೇ ನೌಕರಿ ಹಿಡಿದಿದ್ದಾರೆ.

ಹೋದ ವರ್ಷ ದೊಡ್ಡ ಸಾಹೇಬರಿಂದ ಒಂದು ಪತ್ರ ಬಂತು. ದೊಡ್ಡ ಸಾಹೇಬರು ಅಂದರೆ ನಮ್ಮ ಆಡಳಿತಾಧಿಕಾರಿ. ಈಗೆಲ್ಲ ಫೋನಿನಲ್ಲೇ ಓದುತ್ತಾರೆ, ರೀಡಿಂಗ್ ರೂಮಿಗೆ ಯಾರೂ ಬರುವುದಿಲ್ಲ, ಆದ್ದರಿಂದ ಅದನ್ನು ಹಳೇ ಉತ್ತರಪತ್ರಿಕೆಗಳ ಗೋದಾಮು ಮಾಡಬೇಕೆಂದು ಯೋಚಿಸಲಾಗಿದೆ. ಮೂರು ತಿಂಗಳಲ್ಲಿ ಪರಿಶೀಲನಾ ಸಮಿತಿ ಬಂದು ನೋಡಿ ತೀರ್ಮಾನ ಮಾಡುತ್ತದೆ ಎಂದು ಬರೆದಿದ್ದರು. ಅವತ್ತು ನನಗೆ ಮಧ್ಯಾಹ್ನದ ಡಬ್ಬಿ ಬಿಚ್ಚುವ ಮನಸ್ಸಾಗಲಿಲ್ಲ. ಓದುವ ಮಕ್ಕಳನ್ನು ಎಬ್ಬಿಸಿ, ಬರೆದು ಮುಗಿಸಿದ ಕಾಗದವನ್ನು ಕೂರಿಸುವುದೆಂದರೆ ಏನು ನ್ಯಾಯ! ಏನಾದರೂ ಮಾಡಿ ಇನ್ನೂ ಹೆಚ್ಚು ಜನ ಬರುವ ಹಾಗೆ, ಬರುವುದು ಸಾಹೇಬರ ಕಣ್ಣಿಗೂ ಬೀಳುವ ಹಾಗೆ ಮಾಡಲೇಬೇಕೆಂದು ಹೊರಟೆ. ಆ ಮೂರು ತಿಂಗಳಲ್ಲಿ ನಡೆದ ಪ್ರಸಂಗಗಳು ಇವು.

ಒಂದು: ರೂಟ್ ಬದಲಾವಣೆ

ಪುಸ್ತಕ ಬೇಗ ಕೈಗೆ ಸಿಕ್ಕರೆ ಜನ ತಾವೇ ಬರುತ್ತಾರೆ ಅನ್ನುವುದು ನನ್ನ ಮೊದಲ ಲೆಕ್ಕ. ನಮ್ಮ ಶಾಸ್ತ್ರದ ಪ್ರಕಾರ ಪ್ರತಿ ಪುಸ್ತಕದ ಬೆನ್ನಿಗೂ ಒಂದು ನಂಬರ್ ಅಂಟಿಸಿರುತ್ತೇವೆ. ಅದನ್ನು ನೋಡಿ ಪುಸ್ತಕ ಹುಡುಕುವವಳು ಇಡೀ ಕ್ಯಾಂಪಸ್ಸಿನಲ್ಲಿ ನಾನೊಬ್ಬಳೇ. ಉಳಿದವರೆಲ್ಲ ಅಟೆಂಡರ್ ಶಾಸ್ತ್ರವನ್ನು ನಂಬಿದವರು.

ಅವರ ಶಾಸ್ತ್ರದಲ್ಲಿ ರೂಮಿನ ನಡುವಿನ ಕಂಬ ಕೋಲಾರ. ಪೂರ್ವದ ಗೋಡೆ ಮುಳಬಾಗಿಲು, ಉತ್ತರದ ಗೋಡೆ ಶ್ರೀನಿವಾಸಪುರ, ಪಶ್ಚಿಮದ ಗೋಡೆ ಮಾಲೂರು. ಯಾರಾದರೂ ಅರ್ಥಶಾಸ್ತ್ರ ಎಲ್ಲಿ ಎಂದು ಕೇಳಿದರೆ, "ಶ್ರೀನಿವಾಸಪುರದಾಗೆ ಇಳ್ಕೊ, ಎಡಗಡೆ ಎರಡನೇ ಕಪಾಟು" ಅನ್ನುತ್ತಾರೆ. ಹುಡುಗರು ಅರ್ಧ ನಿಮಿಷದಲ್ಲಿ ಪುಸ್ತಕ ಹಿಡಿದು ವಾಪಸ್ ಬರುತ್ತಾರೆ.

ಉತ್ತರದ ಗೋಡೆಯ ಹತ್ತಿರ ಬೆಳಕು ಕಡಿಮೆ. ಅರ್ಥಶಾಸ್ತ್ರದ ಕಪಾಟನ್ನು ಪಶ್ಚಿಮದ ಗೋಡೆಗೆ ಹಾಕಿಸಿ ಅಂದೆ.

"ಆಗಲ್ಲಮ್ಮ" ಅಂದರು.

"ಯಾಕಾಗಲ್ಲ?"

"ಶ್ರೀನಿವಾಸಪುರ ಎತ್ಕೊಂಡೋಗಿ ಮಾಲೂರು ಪಕ್ಕ ಮಡಗಿದ್ರೆ ಜನ ಎಲ್ಲಿ ಬಸ್ ಹತ್ತಬೇಕು?"

ನನಗೆ ಸಿಟ್ಟು ಬಂತು. ಆರ್ಡರ್ ಬರೆದು ಸಹಿ ಹಾಕಿ ಕೊಟ್ಟೆ. ಅವರು ಅವತ್ತೇ ಕಪಾಟು ಎಳೆಸಿದರು. ಆಮೇಲೆ ಒಂದು ವಾರ ಅರ್ಥಶಾಸ್ತ್ರದ ಒಂದು ಪುಸ್ತಕವೂ ಹೊರಗೆ ಹೋಗಲಿಲ್ಲ. ಹುಡುಗರು ಉತ್ತರದ ಗೋಡೆಯ ಹತ್ತಿರ ಹೋಗುವುದು, ತಲೆ ಕೆರೆದುಕೊಳ್ಳುವುದು, ಬರುವುದು. ಯಾರಾದರೂ ಕೇಳಿದರೆ ಅಟೆಂಡರ್ ಗಂಭೀರವಾಗಿ, "ರೂಟ್ ಚೇಂಜ್ ಆಗೈತೆ, ಮೇಡಂ ಆರ್ಡರ್" ಎಂದು ನನ್ನ ಕಡೆ ಕೈ ತೋರಿಸುತ್ತಿದ್ದರು. ಎಂಟನೇ ದಿನ ನಾನೇ ಸೋತು, ಕಪಾಟನ್ನು ಮೊದಲಿನ ಜಾಗಕ್ಕೇ ಹಾಕಿಸಿದೆ. ಅವರು ಅದರ ಮೇಲಿನ ಧೂಳು ಕೊಡವಿ ನಿಟ್ಟುಸಿರು ಬಿಟ್ಟರು.

"ಇವಾಗ ಸರಿಹೋಯ್ತು ನೋಡಿ. ಒಂದು ವಾರ ತಾಲ್ಲೂಕಿಗೆ ತಾಲ್ಲೂಕೇ ದಾರಿ ತಪ್ಪಿತ್ತು."

ಎರಡು: ತಪ್ಪು ಬರೆದವರು ಯಾರು

ಸಸ್ಯಶಾಸ್ತ್ರ ಓದುವ ಒಬ್ಬ ಹುಡುಗಿ, ಶ್ರೀನಿವಾಸಪುರದ ಕಡೆಯವಳು, ಮಾವಿನ ಬೇಸಾಯದ ದಪ್ಪ ಪುಸ್ತಕ ತೆಗೆದುಕೊಂಡು ಹೋದಳು. ವಾಪಸ್ ಬಂದಾಗ ನೋಡುತ್ತೇನೆ, ಪುಟದ ಅಂಚು ಪೂರ್ತಿ ನೀಲಿ ಇಂಕು. ಒಂದು ಕಡೆ "ಸುಳ್ಳು." ಇನ್ನೊಂದು ಕಡೆ "ಹಿಂಗೆ ಔಷಧಿ ಹೊಡೆದರೆ ಹೂವೆಲ್ಲ ಉದುರುತ್ತೆ." ಮತ್ತೊಂದು ಕಡೆ "ಇವರು ಮಾವಿನ ಮರ ನೋಡಿದ್ದಾರಾ?" ನೂರಾರು ಪುಟದಲ್ಲಿ ಒಂದೇ ಒಂದು ಕಡೆ ಮಾತ್ರ "ಪರವಾಗಿಲ್ಲ" ಎಂದಿತ್ತು.

ಬರೆದದ್ದು ಅವಳ ಅಪ್ಪ. ಕರೆಸಿದೆ. ಬಿಳಿ ಪಂಚೆ ಉಟ್ಟ, ತಣ್ಣಗಿನ ಮನುಷ್ಯ. ಮೂವತ್ತು ವರ್ಷದಿಂದ ಮಾವಿನ ತೋಟ ಮಾಡುತ್ತಿರುವವರು.

"ಲೈಬ್ರರಿ ಪುಸ್ತಕದ ಮೇಲೆ ಬರೀಬಾರದು ಅಂತ ಗೊತ್ತಿಲ್ವಾ ನಿಮಗೆ?"

"ಚೂಡಮ್ಮಾ, ನೋಡಮ್ಮಾ," ಅಂದರು ತೆಲುಗು ಬೆರೆಸಿ, "ತಪ್ಪು ಬರ್ದಿರೋದು ಅವರು. ತಿದ್ದಿರೋದು ನಾನು. ಬೈಗುಳ ಮಾತ್ರ ನನಗಾ?"

ಆದರೂ ನಿಯಮ ನಿಯಮವೇ ಅಂದೆ. ಅವರು ಹೊಸ ಪ್ರತಿ ತರಿಸಿಕೊಟ್ಟರು. ಹೊಸದನ್ನು ಮುಂದೆ ಇಟ್ಟು, ಗೀಚಿದ್ದನ್ನು ಹಿಂದೆ ಸರಿಸಿದೆ. ತಿಂಗಳಲ್ಲಿ ಕಥೆ ತಿರುಗಾಮುರುಗಾ ಆಯಿತು. ತೋಟದವರ ಮಕ್ಕಳೆಲ್ಲ ಬಂದು ಕೇಳುವುದು, "ಮೇಡಂ, ಆ ನೀಲಿ ಇಂಕಿನ ಪುಸ್ತಕ ಐತಾ?" ಹೊಸದು ಮದುವೆ ಮನೆಯ ಬೆಳ್ಳಿ ಲೋಟದ ಹಾಗೆ ಯಾರೂ ಮುಟ್ಟದೆ ಹೊಳೆಯುತ್ತ ಕೂತಿತ್ತು.

ಒಂದು ದಿನ ಆ ಪುಸ್ತಕ ವಾಪಸ್ ಬಂದಾಗ ನೀಲಿ ಇಂಕಿನ ಕೆಳಗೆ ಹಸಿರು ಇಂಕು ಹುಟ್ಟಿತ್ತು: "ನಿಮ್ಮ ತೋಟಕ್ಕೆ ಸರಿ ಇರಬಹುದು. ನಮ್ಮ ಕಡೆ ಇಬ್ಬನಿ ಜಾಸ್ತಿ." ನೀಲಿಯವರಿಗೆ ವಿಷಯ ಮುಟ್ಟಿತು. ಪ್ರತಿ ಶುಕ್ರವಾರ ಬಸ್ಸು ಹಿಡಿದು ಬಂದು, "ಏಮ್ಮಾ, ಉತ್ತರ ಬಂತಾ?" ಎಂದು ಕೇಳಿ, ಕೂತು ಓದಿ, ಜೇಬಿನಿಂದ ಪೆನ್ನು ತೆಗೆಯುತ್ತಿದ್ದರು. ನಾನು ಕಿಟಕಿಯ ಕಡೆ ನೋಡುತ್ತಿದ್ದೆ. ಎಷ್ಟಾದರೂ ಒಬ್ಬರು ಓದುಗರು ಹೆಚ್ಚಾದರಲ್ಲ! ಜಗಳ ಹದಿನಾಲ್ಕನೇ ಅಧ್ಯಾಯದವರೆಗೂ ನಡೆಯಿತು. ಅಲ್ಲಿ ಯಾರೋ ಮೂರನೆಯವರು ಕೆಂಪು ಇಂಕಿನಲ್ಲಿ ದಪ್ಪಗೆ ಬರೆದಿದ್ದರು: "ಇಬ್ಬರೂ ಸುಮ್ಮನಿರಿ. ಇದು ಲೈಬ್ರರಿ."

ಮೂರು: ಬಂದ ಉದ್ದೇಶ

ಎಷ್ಟು ಜನ ಬರುತ್ತಾರೆಂಬುದಕ್ಕೆ ಸಾಕ್ಷಿ ಬೇಕಲ್ಲ? ಬಾಗಿಲಲ್ಲಿ ಒಂದು ದಪ್ಪ ಪುಸ್ತಕ ಇಡಿಸಿದೆ. ಹೆಸರು, ಊರು, ಬಂದ ಉದ್ದೇಶ, ಸಹಿ. ಅಟೆಂಡರಿಗೆ ಹೇಳಿದೆ: ಸಹಿ ಇಲ್ಲದೆ ಒಂದು ನೊಣವೂ ಒಳಗೆ ಬರಬಾರದು. ಅವರು ಅದನ್ನು ಎಷ್ಟು ಗಟ್ಟಿಯಾಗಿ ಹಿಡಿದರೆಂದರೆ, ಫ್ಯಾನ್ ರಿಪೇರಿಗೆ ಬಂದವನೂ ಸಹಿ ಹಾಕಿಯೇ ಏಣಿ ಹತ್ತಿದ.

ಒಂದು ಬುಧವಾರ ಬೆಳಿಗ್ಗೆ ಆರು ಜನ ಒಟ್ಟಿಗೆ ಬಂದರು. ಇಬ್ಬರು ರೇಷ್ಮೆ ಸೀರೆಯ ಹೆಂಗಸರು, ಒಬ್ಬ ಮುದುಕಿ, ಇಬ್ಬರು ಗಂಡಸರು, ನಡುವೆ ಇಸ್ತ್ರಿ ಶರ್ಟಿನ ಒಬ್ಬ ಯುವಕ. ಎಲ್ಲರೂ ಒಂದೊಂದು ಪುಸ್ತಕ ಹಿಡಿದು ಸಾಲಾಗಿ ಕೂತರು. ಮುದುಕಿಯ ಕೈಯಲ್ಲಿ ಸಾವಯವ ರಸಾಯನಶಾಸ್ತ್ರ, ಅದೂ ತಲೆಕೆಳಗಾಗಿ. ಆರು ಜೊತೆ ಕಣ್ಣೂ ಎದುರು ಮೇಜಿನ ಹುಡುಗಿಯ ಮೇಲೆ.

ನನಗೆ ಆಗ ಅರ್ಥವಾಯಿತು. ಮನೆಯಲ್ಲಿ ಉಪ್ಪಿಟ್ಟು ಕೇಸರಿಬಾತಿನ ಗದ್ದಲವಿಲ್ಲದೆ, ಹುಡುಗಿಗೂ ತಿಳಿಯದ ಹಾಗೆ, ದೂರದಿಂದಲೇ ಹೆಣ್ಣು ನೋಡುವ ಏರ್ಪಾಡು. ಆದರೆ ಹುಡುಗಿಗೆ ಯಾರೋ ಸುದ್ದಿ ಮುಟ್ಟಿಸಿದ್ದರು. ಅವಳು ಶಿಕ್ಷಕರ ಪರೀಕ್ಷೆಗೆ ಓದುತ್ತಿದ್ದವಳು. ನಮ್ಮಲ್ಲಿರುವ ಅತಿ ದೊಡ್ಡ ಅಟ್ಲಾಸನ್ನು ಮುಖದ ಮುಂದೆ ನಿಲ್ಲಿಸಿಕೊಂಡು ಕೂತುಬಿಟ್ಟಳು. ಒಂದು ಗಂಟೆ ಕಳೆದರೂ ಅವರಿಗೆ ಕಂಡದ್ದು ಆಫ್ರಿಕಾ ಖಂಡ ಮಾತ್ರ.

ಕೊನೆಗೆ ಹುಡುಗನ ತಾಯಿ ನನ್ನ ಹತ್ತಿರ ಬಂದು ಪಿಸುಗುಟ್ಟಿದರು. "ಮೇಡಂ, ಆ ಮಗೂಗೆ ಸ್ವಲ್ಪ ಹೊತ್ತು ಪುಸ್ತಕ ಕೆಳಗಿಡು ಅಂತ ಹೇಳ್ತೀರಾ?"

"ನಾನು ಲೈಬ್ರರಿಯನ್ ಅಮ್ಮ," ಅಂದೆ. "ಓದು ಅಂತ ಹೇಳೋದಕ್ಕೆ ಸಂಬಳ ಕೊಡ್ತಾರೆ. ಓದ್ಬೇಡ ಅಂದ್ರೆ ಕೆಲಸ ಹೋಗುತ್ತೆ."

ಅವರು ಬಂದ ದಾರಿ ಹಿಡಿದರು. ಹುಡುಗಿ ಅಟ್ಲಾಸ್ ಇಳಿಸಿ ನನ್ನ ಕಡೆ ನೋಡಿ ನಕ್ಕಳು. ಆ ನಗೆ ನೋಡಿ ನನಗೆ ಬಹಳ ಖುಷಿಯಾಯಿತು. ಖುಷಿ ಇದ್ದದ್ದು ಸಂಜೆಯವರೆಗೆ. ಆಗ ದೊಡ್ಡ ಸಾಹೇಬರು ಬಾಗಿಲ ಪುಸ್ತಕ ತರಿಸಿಕೊಂಡು ನೋಡಿ, ನನ್ನನ್ನೂ ಕರೆಸಿದರು. ಅಟೆಂಡರ್ ತಮ್ಮ ಕೆಲಸದಲ್ಲಿ ಒಂದಿಷ್ಟೂ ಲೋಪ ಮಾಡಿರಲಿಲ್ಲ. ಆರು ಹೆಸರು, ಆರು ಸಹಿ, ಆರಕ್ಕೂ ಎದುರಾಗಿ ಅಟೆಂಡರದೇ ಮುದ್ದಾದ ಅಕ್ಷರ: "ಉದ್ದೇಶ: ಹೆಣ್ಣು ನೋಡುವುದು. ಫಲಿತಾಂಶ: ಕಾಣಲಿಲ್ಲ."

ನಾಲ್ಕು: ಸಮಿತಿಗೆ ಜಾಗ

ಸಮಿತಿ ಹನ್ನೊಂದಕ್ಕೆ ಬರುತ್ತದೆ ಎಂದಿದ್ದರು. ಬಾಗಿಲ ಪುಸ್ತಕ ಹೆಣ್ಣು ನೋಡಿದ ದಿನದಿಂದ ಸಾಹೇಬರ ಬೀರುವಿನಲ್ಲೇ ಇತ್ತು. ಹತ್ತರಿಂದಲೇ ರೂಮು ತುಂಬಿತ್ತು. ಹನ್ನೊಂದಾಯಿತು, ಹನ್ನೆರಡಾಯಿತು, ಬರಲಿಲ್ಲ. ಒಂದು ಗಂಟೆಗೆ ಮಕ್ಕಳೆಲ್ಲ ಎದ್ದು ಊಟಕ್ಕೆ ಹೋದರು. ಒಂದೂಕಾಲಿಗೆ ಸಮಿತಿ ಬಂತು.

ಸಮಿತಿ ಎಂದರೆ ಬೆಳ್ಳಗೆ ತಲೆ ನರೆತ ಒಬ್ಬರು ನಿವೃತ್ತ ಪ್ರೊಫೆಸರ್. ಜೊತೆಗೆ ನಮ್ಮ ದೊಡ್ಡ ಸಾಹೇಬರು, ಕೈಯಲ್ಲಿ ಅಳತೆಯ ಟೇಪು. ಗೋದಾಮಿನ ರ‍್ಯಾಕು ಎಷ್ಟು ಹಿಡಿಯುತ್ತದೆಂದು ಆಗಲೇ ಅಳೆಯಲು ಬಂದಿದ್ದರು!

"ನೋಡಿ ಸಾರ್," ಅಂದರು ಸಾಹೇಬರು, "ನಾನು ಬರೆದಿದ್ದು ಸುಳ್ಳಾ? ಒಬ್ಬರಾದರೂ ಇದ್ದಾರಾ?"

ಒಬ್ಬರೂ ಇರಲಿಲ್ಲ. ಆದರೆ ಒಂದೊಂದು ಕುರ್ಚಿಯ ಮೇಲೂ ಒಂದೊಂದು ಬಟ್ಟೆ ಇತ್ತು. ಟವಲು, ಕರ್ಚೀಫು, ದುಪಟ್ಟಾ, ಸ್ವೆಟರು, ಒಂದು ಮಂಕಿ ಕ್ಯಾಪು.

ಪ್ರೊಫೆಸರ್ ಸುತ್ತ ನೋಡಿ, "ಏನಮ್ಮ ಇದು, ಲಾಂಡ್ರಿನಾ?" ಅಂದರು.

ಅಟೆಂಡರೇ ಮುಂದೆ ಬಂದರು. "ಸಾರ್, ಎಲ್ಲಾ ಸೀಟೂ ಫುಲ್ಲು."

ವಿಷಯ ಇಷ್ಟೇ. ನಮ್ಮ ಕಡೆ ಬಸ್ಸು ಬಂದು ನಿಲ್ಲುವ ಮೊದಲೇ ಕಿಟಕಿಯೊಳಗೆ ಟವಲು ಹಾಕಿ ಸೀಟು ಹಿಡಿಯುತ್ತಾರೆ. ಆಮೇಲೆ ನಿಧಾನಕ್ಕೆ ಹತ್ತಿದರೂ ಆ ಸೀಟು ಟವಲಿನವರದೇ. ಬಸ್ಸಲ್ಲಿ ಬರುವ ಮಕ್ಕಳು ಅದೇ ಕಾನೂನನ್ನು ಲೈಬ್ರರಿಗೂ ತಂದಿದ್ದರು. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಓಡಿ ಬಂದು ಟವಲು ಹಾಕುವುದು, ಕ್ಲಾಸಿಗೆ ಹೋಗುವುದು, ಊಟಕ್ಕೆ ಹೋಗುವುದು, ಬಂದು ಕೂರುವುದು. ಪುಸ್ತಕ ಇಟ್ಟರೆ ನಡೆಯುವುದಿಲ್ಲ, ಅದು ಲೈಬ್ರರಿಯದು; ಸ್ವಂತ ಬಟ್ಟೆಯೇ ಆಗಬೇಕು. ವರ್ಷಗಟ್ಟಲೆ ಬೈದು ಬೈದು ನಾನು ಕೈಬಿಟ್ಟಿದ್ದೆ.

"ಟವಲು ಓದುತ್ತೇನ್ರೀ?" ಎಂದು ಸಾಹೇಬರು ನಕ್ಕರು. ಕೆಂಪು ಚೌಕಳಿ ಟವಲೊಂದನ್ನು ಬೆರಳ ತುದಿಯಲ್ಲಿ ಎತ್ತಿ ಮೇಜಿನ ಮೇಲೆ ಹಾಕಿ, ಆ ಕುರ್ಚಿಯಲ್ಲಿ ಕೂತೇಬಿಟ್ಟರು. "ವರದಿ ನಾನೇ ಬರೀತೀನಿ ಸಾರ್, ನೀವು ಸಹಿ ಮಾಡಿದ್ರೆ ಸಾಕು" ಎಂದು ಬಗ್ಗಿ ಬರೆಯಲು ಶುರುಮಾಡಿದರು. ಕೊಠಡಿ ಸಂಪೂರ್ಣ ಖಾಲಿ ಇರುವುದು ಕಂಡುಬಂತು ಎಂದು ಮೊದಲ ಸಾಲು. ಎರಡನೇ ಸಾಲಿನಲ್ಲಿ ರೂಮಿನ ಉದ್ದಗಲ.

ಮಕ್ಕಳು ಕೈ ಒರೆಸಿಕೊಳ್ಳುತ್ತ ಬರತೊಡಗಿದರು. ಒಬ್ಬೊಬ್ಬರೇ ತಮ್ಮ ಬಟ್ಟೆ ಎತ್ತುವುದು, ಕೂರುವುದು, ಪುಸ್ತಕ ತೆರೆಯುವುದು. ಒಂದು ಮಾತಿಲ್ಲ, ಕುರ್ಚಿ ಎಳೆದ ಸದ್ದೂ ಇಲ್ಲ. ಸಾಹೇಬರು ತಲೆ ಎತ್ತಲಿಲ್ಲ. ಪ್ರೊಫೆಸರ್ ಮಾತ್ರ ಗೋಡೆಗೆ ಒರಗಿ ನಿಂತು ಎಲ್ಲ ನೋಡುತ್ತಿದ್ದರು.

ಕೊನೆಯಲ್ಲಿ ಬಂದವಳು ಆವನಿಯ ಹುಡುಗಿ, ಎಂ.ಎ. ಎರಡನೇ ವರ್ಷ. ಬೆಳಿಗ್ಗೆ ಮೊದಲ ಬಸ್ಸಿಗೆ ಬರುವವಳು. ಸಾಹೇಬರ ಪಕ್ಕ ಬಂದು ನಿಂತಳು.

"ಸಾರ್, ಇದು ನನ್ ಸೀಟು."

ಸಾಹೇಬರು ಕನ್ನಡಕ ಇಳಿಸಿ ನೋಡಿದರು. "ನಾನ್ಯಾರು ಗೊತ್ತೇನಮ್ಮಾ?"

"ಗೊತ್ತು ಸಾರ್. ಆದ್ರೆ ಟವಲ್ ಮುಂಚೆ ಬಂದೈತೆ."

ಸಾಹೇಬರು ಸಹಾಯಕ್ಕೆ ಪ್ರೊಫೆಸರ್ ಕಡೆ ತಿರುಗಿದರು. ಪ್ರೊಫೆಸರ್ ಹೇಳಿದರು: "ಎದ್ದುಬಿಡಿ. ನಾನೂ ಹತ್ತು ವರ್ಷ ಬಸ್ಸಲ್ಲಿ ಓಡಾಡಿದೋನು. ಟವಲ್ ಹಾಕಿದ ಸೀಟಲ್ಲಿ ಕೂತರೆ ನ್ಯಾಯ ನಮ್ಮ ಕಡೆ ಇರಲ್ಲ."

ಸಾಹೇಬರು ಎದ್ದರು. ಬೇರೆ ಕುರ್ಚಿಗೆಂದು ಆ ಕಡೆ ನೋಡಿದರು, ಈ ಕಡೆ ನೋಡಿದರು. ನಲವತ್ತರಲ್ಲಿ ಒಂದೂ ಇರಲಿಲ್ಲ. ನನ್ನ ಕುರ್ಚಿ ಕೊಡಬಹುದಿತ್ತು. ದೇವರಾಣೆ, ಎದ್ದೇಳುವ ಮನಸ್ಸಾಗಲಿಲ್ಲ. ಅರ್ಧ ಬರೆದ ವರದಿ, ಪೆನ್ನು, ಟೇಪು ಎಲ್ಲ ಹಿಡಿದುಕೊಂಡು ಸಾಹೇಬರು ರೂಮಿನ ನಡುವೆ ನಿಂತರು.

"ಮೊದಲನೇ ಸಾಲು ಹೊಡೆದುಹಾಕಿ," ಅಂದರು ಪ್ರೊಫೆಸರ್. "ನಾನು ಹೇಳಿದ ಹಾಗೆ ಬರ್ಕೊಳ್ಳಿ."

ಸಾಹೇಬರು ಕಾಗದವನ್ನು ಅಂಗೈಯ ಮೇಲಿಟ್ಟುಕೊಂಡು ಬರೆದರು. ಆ ವರದಿಯ ಒಂದು ಪ್ರತಿ ಇವತ್ತಿಗೂ ನನ್ನ ಮೇಜಿನ ಗಾಜಿನ ಕೆಳಗಿದೆ. ಅಕ್ಷರ ಸ್ವಲ್ಪ ಸೊಟ್ಟ, ಆದರೆ ಚೆನ್ನಾಗಿಯೇ ಓದಬಹುದು: "ರೀಡಿಂಗ್ ರೂಮ್ ಈಗಿರುವಂತೆಯೇ ಇರತಕ್ಕದ್ದು. ಇಲ್ಲಿ ಕುರ್ಚಿಗಳ ತೀವ್ರ ಕೊರತೆ ಇದೆ. ಇದಕ್ಕೆ ಸಾಕ್ಷಿಯಾಗಿ, ಈ ವರದಿಯನ್ನು ಆಡಳಿತಾಧಿಕಾರಿಗಳು ನಿಂತುಕೊಂಡೇ ಬರೆದಿರುತ್ತಾರೆ."