ಕ್ರೇನಕ್ಕನ ರಕ್ತಪರೀಕ್ಷೆ

ಕ್ರೇನಕ್ಕನಿಗೆ ರಕ್ತ ಕಡಿಮೆ ಇತ್ತು. ಉಕ್ಕಿನ ಕಾರ್ಖಾನೆಯಲ್ಲಿ ನಲವತ್ತು ಅಡಿ ಮೇಲಿನ ಗೂಡಿನಲ್ಲಿ ಕೂತು ಕ್ರೇನ್ ಓಡಿಸುತ್ತಿದ್ದವಳಿಗೆ ಮೂರು ತಿಂಗಳ ಹಿಂದೆ ತಲೆ ಸುತ್ತಿ, ಕೊಕ್ಕೆಯಲ್ಲಿದ್ದ ತೊಲೆ ತೊಟ್ಟಿಲಿನಂತೆ ತೂಗಾಡಿತ್ತು. ಪರೀಕ್ಷಿಸಿದರೆ ಹಿಮೋಗ್ಲೋಬಿನ್ ಎಂಟು. ಕೆಳಗಿಳಿಸಿ ಉಗ್ರಾಣದಲ್ಲಿ ಬೋಲ್ಟು ಎಣಿಸಲು ಕೂರಿಸಿದರು. ಇವತ್ತು ಮರುಪರೀಕ್ಷೆ. ಹಿಮೋಗ್ಲೋಬಿನ್ ಹನ್ನೆರಡು ದಾಟಿ, ಸಂಜೆ ನಾಲ್ಕು ಗಂಟೆಯೊಳಗೆ ಗೂಡು ಹತ್ತಿದರೆ ಸರಿ. ಇಲ್ಲವಾದರೆ ಆ ಕೆಲಸ ಫೋರ್‌ಮನ್ನನ ಭಾಮೈದನಿಗೆ.

ಡಾಕ್ಟರು ಹೇಳಿದ್ದರಲ್ಲಿ ಅವಳು ಒಂದನ್ನೂ ತಪ್ಪಿಸಿರಲಿಲ್ಲ. ಕಬ್ಬಿಣದ ಮಾತ್ರೆಯನ್ನು ನಿಂಬೆರಸದ ಜೊತೆ ನುಂಗಿದಳು, ಸೊಪ್ಪು ಕಾಳು ತಿಂದಳು, ಹೊತ್ತಿಗೆ ಸರಿಯಾಗಿ ಮಲಗಿದಳು. ಊಟದ ಹಿಂದೆಯೇ ಕುಡಿಯುವ ಚಹಾ ಬಿಟ್ಟಳು. ಅದೊಂದಕ್ಕೆ ಮಾತ್ರ ಅತ್ತಳು.

ಬೆಳಿಗ್ಗೆ ಮಾತ್ರೆ ಗಂಟಲಿಳಿಯುವ ಮೊದಲೇ ಅತ್ತೆ ಲೋಟ ಹಿಡಿದು ಬಂದರು.

"ಒಂದು ಗುಟುಕು ಕುಡಿಯೇ, ಮುಖ ಸುಣ್ಣ ಬಳಿದ ಗೋಡೆ ಆಗಿದೆ."

"ಈಗ ಚಹಾ ಕುಡಿದ್ರೆ ಕಬ್ಬಿಣ ಮೈಗೆ ಹತ್ತಲ್ಲ ಅತ್ತೆ!"

"ಐವತ್ತು ವರ್ಷದಿಂದ ಕುಡೀತಿದೀನಿ, ನನಗೇನು ತುಕ್ಕು ಹಿಡಿದಿದೆಯಾ?"

ಕಾರ್ಖಾನೆಯಲ್ಲಿ ಅವಳ ಜೊತೆ ಬೋಲ್ಟು ಎಣಿಸುವ ಉಗ್ರಾಣದ ಅಣ್ಣ ಬೀಟ್‌ರೂಟ್ ರಸ ಹಿಡಿದು ಕಾದಿದ್ದ. "ಇದೊಂದು ಏರಿಸಿ ಹೋಗು ತಂಗಿ."

"ಅದೇನು ಪೆಟ್ರೋಲಾ ಅಣ್ಣ, ಈಗ ಹಾಕಿ ಈಗ ಓಡ್ಸೋಕೆ?"

ಎಳೆದಾಟದಲ್ಲಿ ರಸವೆಲ್ಲ ಅವಳ ಅಂಗಿಗೆ ಸುರಿಯಿತು. ದವಾಖಾನೆಯ ನರ್ಸು ಅವಳನ್ನು ಕಂಡದ್ದೇ "ಸ್ಟ್ರೆಚರ್!" ಎಂದು ಕೂಗಿದಳು.

ರಕ್ತ ತೆಗೆದದ್ದಾಯಿತು. ಬೆಂಚಿನ ಮೇಲೆ ಕೂತು ಹತ್ತೂ ಉಗುರು ಕಚ್ಚಿ ಮುಗಿಸುವಷ್ಟರಲ್ಲಿ ಚೀಟಿ ಬಂತು. ಹನ್ನೆರಡು ಪಾಯಿಂಟ್ ಆರು!

ಫೋರ್‌ಮನ್ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿದ. "ಇದ್ರಲ್ಲಿ ರಕ್ತ ಎಷ್ಟು, ಬೀಟ್‌ರೂಟ್ ಎಷ್ಟು?" ಸುತ್ತಲಿದ್ದವರು ನಕ್ಕರು. "ಪಕ್ಕದ ಹಾಲ್‌ನಲ್ಲಿ ರಕ್ತದಾನ ನಡೀತಿದೆ. ರಕ್ತ ಕಡಿಮೆ ಇರೋರನ್ನ ಅಲ್ಲಿ ಹತ್ತಿರ ಸೇರಿಸಲ್ಲ. ಕೊಟ್ಟು ಬಾ, ನಂಬ್ತೀನಿ."

ಆಗಲೇ ಮೂರು ಗಂಟೆ. ಅವಳು ಓಡಿದಳು, ಹಿಂದೆಯೇ ಉಗ್ರಾಣದ ಅಣ್ಣ.

"ಇತ್ತೀಚೆಗೆ ರಕ್ತಹೀನತೆ, ಮಾತ್ರೆ, ಏನಾದ್ರೂ ಇತ್ತಾ?" ಅಲ್ಲಿನ ಡಾಕ್ಟರು ಕೇಳಿದರು.

"ಛೆ ಛೆ, ಕಲ್ಲುಗುಂಡು ಸಾರ್ ನಮ್ಮ ತಂಗಿ!" ಎಂದ ಅಣ್ಣ. ಅವಳು ಬಾಯಿ ತೆರೆದವಳು, ಗಡಿಯಾರ ನೋಡಿ ಮುಚ್ಚಿದಳು.

ನಾಲ್ಕಕ್ಕೆ ಹತ್ತು ನಿಮಿಷವಿತ್ತು. ಅವಳು ಕ್ರೇನಿನ ಏಣಿಗೆ ಕೈ ಹಾಕುತ್ತಲೇ ಸುರಕ್ಷತಾ ಅಧಿಕಾರಿ ಅಡ್ಡ ಬಂದರು.

"ತೋಳಿಗೇನಮ್ಮ ಪಟ್ಟಿ?"

"ರಕ್ತ ಕೊಟ್ಟು ಬಂದೆ ಸಾರ್!" ಅವಳು ಎದೆಯುಬ್ಬಿಸಿ ಹೇಳಿದಳು.

"ರಕ್ತ ಕೊಟ್ಟೋರು ಆ ದಿನ ಎತ್ತರಕ್ಕೆ ಹತ್ತೋ ಹಾಗಿಲ್ಲ. ಏಣಿ ಬಿಡು, ಬಿಡು."

ಅವಳು ಫೋರ್‌ಮನ್ನನ ಕಡೆ ತಿರುಗಿದಳು.

"ನಂಬಿದೆ ತಂಗಿ, ಪೂರ್ತಿ ನಂಬಿದೆ" ಎನ್ನುತ್ತ ಅವನು ಭಾಮೈದನ ಬೆನ್ನು ತಟ್ಟಿ ಏಣಿ ಹತ್ತಿಸಿದ.

ಹೋದದ್ದು: ರಕ್ತ ಮುನ್ನೂರೈವತ್ತು ಮಿಲಿಲೀಟರ್, ಕೆಲಸ ಒಂದು.