ದೊಡ್ಡಕ್ಷರದ ಮೇಷ್ಟ್ರು

ತಾಳವಾಡಿಯ ಬಜಾರು ಬೀದಿಯಲ್ಲಿ ಕಂಪ್ಯೂಟರ್ ಸೆಂಟರ್ ಇಟ್ಟುಕೊಂಡವನು ನಗುವ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಬಾಗಿಲು ತೆರೆದು ಕೂತರೆ ಸಾಕು, ಅವೇ ಚಪ್ಪಲಿ ಬಿಟ್ಟು ಒಳಗೆ ಬರುತ್ತವೆ.

ಮೊದಲು ನನ್ನದು ಟೈಪ್‌ರೈಟಿಂಗ್ ಇನ್‌ಸ್ಟಿಟ್ಯೂಟು. ಕಂಪ್ಯೂಟರು ಬಂದ ಮೇಲೆ ಮಿಷನ್ನುಗಳು ಅಟ್ಟ ಸೇರಿದವು, ಆದರೆ ಅವುಗಳ ಜೊತೆ ಕಲಿಸುತ್ತಿದ್ದ ಎರಡು ಪಾಠಗಳನ್ನು ನಾನು ಅಟ್ಟಕ್ಕೆ ಹಾಕಲಿಲ್ಲ. ಒಂದು, ಬೆನ್ನು ನೆಟ್ಟಗಿರಬೇಕು. ಎರಡು, ಕಣ್ಣಿಗೂ ಅಕ್ಷರಕ್ಕೂ ನಡುವೆ ಒಂದು ಮೊಳ ದೂರವಿರಬೇಕು. ಯಾರ ಮೊಳ ಅಂದರೆ, ಕೂತವರದ್ದೇ. ಬೆರಳ ತುದಿಯನ್ನು ಪರದೆಗೆ ತಾಗಿಸಿ ಕೈ ಚಾಚಬೇಕು, ಮೂಗು ಮೊಣಕೈ ದಾಟಿ ಮುಂದೆ ಹೋಗಬಾರದು. ಹೋದರೆ ನಾನು ಸ್ಕೇಲಿನಿಂದ ಮೇಜು ಕುಟ್ಟಿ "ಮೊಳ!" ಅನ್ನುತ್ತೇನೆ.

ಅಷ್ಟು ದೂರದಿಂದ ಕಾಣಬೇಕಾದರೆ ಅಕ್ಷರ ದೊಡ್ಡದಿರಬೇಕಲ್ಲ? ಪರದೆಯ ಮೇಲಿನ ಚಿತ್ರವೆಲ್ಲ ಚುಕ್ಕಿಗಳಿಂದಾದದ್ದು. ಅಷ್ಟೇ ಗಾಜಿನಲ್ಲಿ ಚುಕ್ಕಿ ಜಾಸ್ತಿ ತುಂಬಿಸಿದರೆ ಅಕ್ಷರ ಕುಗ್ಗುತ್ತದೆ. ಇದಕ್ಕೆ ರೆಸೊಲ್ಯೂಷನ್ ಅನ್ನುತ್ತಾರೆ. ಊರೆಲ್ಲ ಅಡ್ಡಸಾಲಿಗೆ ಸಾವಿರ ಚುಕ್ಕಿಯ ಲೆಕ್ಕಕ್ಕೆ ಹೋದಾಗಲೂ ನನ್ನ ನಾಲ್ಕು ಮಾನಿಟರುಗಳು ಎಂಟುನೂರರಲ್ಲೇ ನಿಂತಿದ್ದವು. ಅದಕ್ಕೇ ಜನ ನನಗೆ ದೊಡ್ಡಕ್ಷರದ ಮೇಷ್ಟ್ರು ಅಂತ ಹೆಸರಿಟ್ಟರು. ಇಟ್ಟುಕೊಳ್ಳಲಿ. ಆದರೆ ಒಂದು ವರ್ಷ ಇದೇ ದೊಡ್ಡಕ್ಷರದಿಂದಾಗಿ ನನ್ನ ಸೆಂಟರಿನಲ್ಲಿ ಪರೀಕ್ಷೆ ನಡೆಸುವ ಅನುಮತಿಯೇ ಹೋಗುವ ಹಾಗಾಯಿತು. ಅಲ್ಲಿಗೆ ಬರುವ ಮೊದಲು ಹಿಂದಿನದ್ದು ಸ್ವಲ್ಪ ಹೇಳಬೇಕು.

೧. ಇವತ್ತೊಂದಿನಕ್ಕೆ

ಮಾನಿಟರುಗಳು ಬಂದದ್ದು ಸತ್ಯಮಂಗಲದಿಂದ, ವ್ಯಾನಿನಲ್ಲಿ. ಜೊತೆಗೆ ಅವನ್ನು ಕೂರಿಸಿಕೊಡುವ ಎಂಜಿನಿಯರೂ ಬಂದ. ಘಾಟಿಯ ಇಪ್ಪತ್ತೇಳು ತಿರುವನ್ನು ಅವನು ಹಿಂದೆಂದೂ ಹತ್ತಿದವನಲ್ಲ. ಘಾಟಿಯ ತುದಿಯ ದಿಂಬಂನಲ್ಲಿ ಇಳಿದು ಬೆಳಗಿನ ಇಡ್ಲಿಯನ್ನೆಲ್ಲ ಕಾಡಿಗೆ ಅರ್ಪಿಸಿ, ಒಂದು ಟೀ ಕುಡಿದು, ಮುಖ ನಿಂಬೆಹಣ್ಣು ಮಾಡಿಕೊಂಡು ನನ್ನ ಬಾಗಿಲಿಗೆ ಬಂದ.

ಬಂದವನೇ ಸಾವಿರದ ಇಪ್ಪತ್ನಾಲ್ಕಕ್ಕೆ ಇಟ್ಟ. ಅಕ್ಷರಗಳು ರಾಗಿ ಚೆಲ್ಲಿದ ಹಾಗೆ ಕಂಡವು.

"ಎಂಟುನೂರಕ್ಕೆ ಇಳಿಸಪ್ಪ" ಅಂದೆ.

"ಸಾರ್, ಯಾರೂ ಹಾಗೆ ಇಡುವುದಿಲ್ಲ. ನೋಡಿದವರು ನಗುತ್ತಾರೆ."

"ನಗಲಿ. ಹಲ್ಲು ಅವರದು, ಕಣ್ಣು ನನ್ನದು."

ಅವನು ಒಪ್ಪಲಿಲ್ಲ. ಅದೇ ರಾಗಿಕಾಳುಗಳನ್ನು ನೋಡುತ್ತ ಎರಡನೆಯ ಮಾನಿಟರು ಜೋಡಿಸಿದ, ಮೂರನೆಯದಕ್ಕೆ ಕೈ ಹಾಕಿದ. ಹತ್ತು ನಿಮಿಷವಾಗಿರಬೇಕು. ಇದ್ದಕ್ಕಿದ್ದ ಹಾಗೆ ಎದ್ದು ಹಿತ್ತಲಿಗೆ ಓಡಿದ. ದಿಂಬಂನ ಟೀಯೂ ಹೋಯಿತು. ಹಿಂದಿರುಗಿ ಬಂದು ಕಣ್ಣು ಅರ್ಧ ಮುಚ್ಚಿಕೊಂಡು ನಾಲ್ಕನ್ನೂ ತಾನೇ ಎಂಟುನೂರಕ್ಕೆ ಇಳಿಸಿದ.

"ಇವತ್ತೊಂದಿನಕ್ಕೆ ಸಾರ್. ತಲೆ ಸುತ್ತುತ್ತಿದೆ. ನಾಳೆ ಫೋನಿನಲ್ಲಿ ಹೇಳುತ್ತೇನೆ, ಮೇಲಕ್ಕೆ ಏರಿಸಿಕೊಳ್ಳಿ."

ಅವನ ಆ ಒಂದು ದಿನ ಆರು ವರ್ಷವಾದರೂ ಮುಗಿಯಲಿಲ್ಲ.

೨. ಮೂರು ದಿನದ ಕತ್ತು

ನನ್ನ ಭಾಮೈದ ಒಂದು ಸಲ ಹತ್ತು ಇಂಚಿನ ಪುಟ್ಟ ಲ್ಯಾಪ್‌ಟಾಪು ತಂದುಕೊಟ್ಟ. "ಬಾವ, ಎಲ್ಲಿಗೆ ಬೇಕಾದ್ರೂ ಎತ್ಕೊಂಡೋಗ್ಬೋದು" ಅಂದ. ಎತ್ತಿಕೊಂಡು ಹೋಗುವುದಕ್ಕೆ ನನಗೆ ಜಾಗವೆಲ್ಲಿದೆ? ಮನೆ, ಸೆಂಟರು, ಮತ್ತೆ ಮನೆ. ಆದರೂ ಆಸೆಪಟ್ಟು ಕೊಟ್ಟಿದ್ದಾನೆ ಅಂತ ಮೇಜಿನ ಎಡಗಡೆ ಇಟ್ಟುಕೊಂಡೆ.

ಒಂದು ಮೊಳ ದೂರದಿಂದ ನೋಡಿದರೆ ಏನೂ ಕಾಣಲಿಲ್ಲ. ನನ್ನ ಹೆಂಡತಿ ಮನೆಯಲ್ಲಿ ಕಾಫಿ ಕೊಡುತ್ತ ಹೇಳಿದಳು: "ಕಾಣ್ದಿದ್ರೆ ಒಂದ್ ಚಾಳೀಸು ಆಕ್ಕಳಿ. ಊರಲ್ಲಿ ಯಾರೂ ಆಕ್ಕಂಡಿಲ್ವಾ?"

"ನನ್ ಕಣ್ಣು ಸರ್ಯಾಗೇ ಅವೆ. ಆ ಡಬ್ಬಾನೇ ಸರಿ ಇಲ್ಲ" ಅಂದೆ.

ಹಟ ನೋಡಿ. ಭಜನೆ ಮಂಡಳಿಯವರ ನಲವತ್ತು ಪುಟದ ಪುಸ್ತಕವನ್ನು ಅದರಲ್ಲೇ ಟೈಪು ಮಾಡುತ್ತೇನೆಂದು ಕೂತೆ. ಮೊಳದ ಕಾನೂನು ಮಾಡಿದವನೇ ಮೊಳ ಮುರಿದೆ. ಕತ್ತನ್ನು ಎಡಕ್ಕೆ ತಿರುಗಿಸಿ, ಮೂಗನ್ನು ಪರದೆಗೆ ಒರೆಸುವಷ್ಟು ಹತ್ತಿರ ಇಟ್ಟು ದಿನವಿಡೀ ಟೈಪು ಮಾಡಿದೆ. ಮಾರನೆಯ ದಿನ ಎದ್ದರೆ ಕತ್ತು ಎಡಕ್ಕೇ ನಿಂತುಬಿಟ್ಟಿದೆ.

ನಮ್ಮ ಬೀದಿಯಲ್ಲಿ ಬೆಳಿಗ್ಗೆ ಸೆಂಟರಿಗೆ ಹೋಗುವಾಗ ಎಡಕ್ಕೆ ಟೀ ಅಂಗಡಿ, ಬಲಕ್ಕೆ ಟೈಲರು. ಮೂರು ದಿನ ಕತ್ತು ಒಂದೇ ಕಡೆ ಇಟ್ಟುಕೊಂಡು ಓಡಾಡಿದೆ. ಮೂರನೆಯ ದಿನ ಸಂಜೆ ಟೈಲರು ಕತ್ತರಿ ಕೈಯಲ್ಲೇ ಹಿಡಿದು ಎದುರಿಗೆ ಬಂದು ನಿಂತ.

"ಮೇಷ್ಟ್ರೇ, ಬೆಳಿಗ್ಗೆ ಓಗೋವಾಗ ನನ್ ಕಂಡು ಮಕ ತಿರಿಕ್ಕತೀರಿ. ಸಾಯಂಕಾಲ ಬರೋವಾಗ ಗುರಾಯಿಸ್ಕಂಡು ಬತ್ತೀರಿ. ನಾನೇನ್ ತಪ್ ಮಾಡಿದ್ದೀನೋ ಒಂದೇ ಸಲ ಏಳ್ಬುಡಿ!"

ಕತ್ತು ಸರಿಹೋದ ಮೇಲೆ ಒಂದು ಕೆಲಸ ಮಾಡಿದೆ. ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ. ಬಸ್ಸು ಹತ್ತಿ ಚಾಮರಾಜನಗರಕ್ಕೆ ಹೋಗಿ, ಗುರುತಿನವರು ಯಾರೂ ಇಲ್ಲದ ಕನ್ನಡಕದ ಅಂಗಡಿ ನೋಡಿ ಒಂದು ಚಾಳೀಸು ತಂದೆ. ತಂದು ಸೆಂಟರಿನ ಡ್ರಾಯರಿನಲ್ಲಿ, ಹಳೆಯ ಕಾರ್ಬನ್ ಕಾಗದದ ಅಡಿಯಲ್ಲಿ ಇಟ್ಟೆ. ಒಂದು ಸಲವೂ ಹಾಕಿಕೊಳ್ಳಲಿಲ್ಲ. ಹಾಕಿಕೊಂಡರೆ ಆ ಹತ್ತು ಇಂಚಿನ ಡಬ್ಬದ ಮುಂದೆ ನಾನು ಸೋತ ಹಾಗೆ. ನಿಜ ಹೇಳಬೇಕೆಂದರೆ ಸ್ವಲ್ಪ ಹೆದರಿಕೆಯೂ ಇತ್ತು. ದೊಡ್ಡಕ್ಷರದ ಮೇಷ್ಟ್ರಿಗೇ ಕಣ್ಣು ಮಂಜು ಅಂತ ಗೊತ್ತಾದರೆ, ಇಷ್ಟು ವರ್ಷ ನಾನು ಮಾಡಿದ ವಾದವೆಲ್ಲ ಮುದಿತನದ ಸಬೂಬು ಅಂತ ಆಗುತ್ತಿತ್ತು.

೩. ಕಳೆದುಹೋದ ನಾಲ್ಕು ಬೆರಳು

ಗೆಟ್ಟವಾಡಿಯಿಂದ ಒಬ್ಬ ಬಾಲವಾಡಿ ಟೀಚರಮ್ಮ ಕಲಿಯಲು ಬರುತ್ತಿದ್ದರು. ವಯಸ್ಸು ಐವತ್ತರ ಹತ್ತಿರ. ಕಂಪ್ಯೂಟರ್ ಪರೀಕ್ಷೆ ಪಾಸು ಮಾಡಿದರೆ ಬಡ್ತಿ, ಇಲ್ಲದಿದ್ದರೆ ಇಲ್ಲ ಅಂತ ಅವರ ಇಲಾಖೆಯವರು ಹೇಳಿದ್ದರು. ಮೊದಲು ಘಾಟಿ ಇಳಿದು ಕೆಳಗಿನ ಊರಿನ ಸೆಂಟರಿಗೆ ಸೇರಿದ್ದರಂತೆ. ಅಲ್ಲಿ ತಲೆನೋವು ಬಂದು, "ಅಮ್ಮಾ, ನಿಮಗೆ ವಯಸ್ಸಾಯಿತು" ಅಂತ ಅನ್ನಿಸಿಕೊಂಡು ವಾಪಸು ಬಂದರು.

ನನ್ನಲ್ಲಿ ಕೂತ ಮೊದಲ ದಿನವೇ ಅವರು ಹೇಳಿದರು: "ಅಲ್ಲಿ ನಾನು ಅಕ್ಸರಾನ ಉಡುಕ್ಬೇಕಿತ್ತು ಮೇಷ್ಟ್ರೇ. ಇಲ್ಲಿ ಅವೇ ಎದ್ರುಗೆ ಬತ್ತವೆ."

ಆ ಮಾತಿಗೆ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಅಷ್ಟರಲ್ಲೇ ಬಂತು ಕಾಗದ. ಪರೀಕ್ಷೆಗೆ ಅನುಮತಿ ಕೊಡುವ ಈರೋಡಿನ ಸಂಸ್ಥೆಯವರದು. ಎಲ್ಲ ಸೆಂಟರುಗಳ ಪರದೆಗಳೂ ಸಾವಿರದ ಇಪ್ಪತ್ನಾಲ್ಕರಲ್ಲಿ ಇರತಕ್ಕದ್ದು, ಸದ್ಯದಲ್ಲೇ ತನಿಖೆಗೆ ಬರುತ್ತೇವೆ, ತಪ್ಪಿದರೆ ಅನುಮತಿ ರದ್ದು. ಟೀಚರಮ್ಮನ ಪರೀಕ್ಷೆಗೆ ಇನ್ನು ಒಂದು ತಿಂಗಳಿತ್ತು. ನನ್ನ ಸೆಂಟರು ಹೋದರೆ ಅವರು ಮತ್ತೆ ಅದೇ ತಲೆನೋವಿನ ಊರಿಗೇ ಇಳಿಯಬೇಕು. ಅವರ ಮುಖ ನೋಡಿ ನಾನು ಹಲ್ಲು ಕಚ್ಚಿಕೊಂಡು ನಾಲ್ಕೂ ಮಾನಿಟರನ್ನು ಸಾವಿರಕ್ಕೆ ಏರಿಸಿದೆ.

ಏರಿಸಿದ ದಿನವೇ ತಿಗನಾರೆ ಊರಿನ ರೈತರು, ಅಣ್ಣ ತಮ್ಮ ಇಬ್ಬರು ಬಂದರು. ಹಿಂದಿನ ವಾರ ಅಣ್ಣ ಒಬ್ಬನೇ ಬಂದು ಇಬ್ಬರಿಗೂ ಸೇರಿದ ಹೊಲದ ಹರಿದ ನಕ್ಷೆಯನ್ನು ಸ್ಕ್ಯಾನ್ ಮಾಡಿಸಿದ್ದ. ಪರದೆಯ ಮೇಲೆ ನಕ್ಷೆ ಬಂದಾಗ, ಹೊಲದ ಆ ಬದಿಯಿಂದ ಈ ಬದಿಗೆ ಕೈ ಹಾಸಿ ಅಳೆದು "ಒಂದ್ ಗೇಣು, ನಾಕ್ ಬೆಳ್ಳು" ಅಂತ ಮನಸ್ಸಿನಲ್ಲಿ ಬರೆದುಕೊಂಡು ಹೋಗಿದ್ದ. ಈಗ ತಮ್ಮನಿಗೆ ತೋರಿಸಲು ಕರೆತಂದಿದ್ದ.

ನಾನು ನಕ್ಷೆ ತೆರೆದೆ. ಅಣ್ಣ ಕೈ ಹಾಸಿದ. ಇನ್ನೊಂದು ಸಲ ಹಾಸಿದ.

"ಮೇಷ್ಟ್ರೇ, ಒಂದೇ ಗೇಣು ಅದೆ. ನಾಕ್ ಬೆಳ್ಳು ಎಲ್ಲಿ?"

ತಮ್ಮ ಅಣ್ಣನ ಕಡೆ ತಿರುಗಿದ. "ಓದ್ವಾರ ನೀನ್ ಒಬ್ನೇ ಬಂದಿದ್ದೆ, ಅಲ್ವಾ?"

"ಏನ್ಲಾ ಅಂಗಂದ್ರೆ?"

"ಏನೂ ಇಲ್ಲ. ಒಬ್ನೇ ಬಂದಿದ್ದೆ. ಈಗ ನಾಕ್ ಬೆಳ್ಳು ಇಲ್ಲ. ಅಷ್ಟೇಯ."

"ನಾನೇನ್ ಜೇಬ್ಗಾಕಂಡೋದ್ನೇನ್ಲಾ? ಅಂದಿ ತಿಂತೋ, ಆನೆ ತುಳೀತೋ, ಮೇಷ್ಟ್ರ ಕೇಳು!"

ಇಬ್ಬರೂ ಎದ್ದು ನಿಂತು ತೋಳೇರಿಸಿದರು. ಚುಕ್ಕಿ, ರೆಸೊಲ್ಯೂಷನ್ನು ಅಂತ ನಾನು ವಿವರಿಸಲು ಹೋದರೆ, ಈರೋಡಿನಿಂದ ಬಂದ ಕಾಗದ ನೋಡಿ ನಾನೇ ಹೊಲ ಕಿರಿದು ಮಾಡಿದೆ ಎಂಬಲ್ಲಿಗೆ ಮಾತು ಬಂದು ನಿಂತಿತು. ಕೊನೆಗೆ ಬೇರೆ ದಾರಿ ಕಾಣದೆ ಎಂಟುನೂರಕ್ಕೆ ಇಳಿಸಿದೆ. ಪರದೆ ಒಂದು ಸಲ ಕಪ್ಪಾಗಿ, ಮತ್ತೆ ಬೆಳಗಿ, ಹೊಲ ಹಿಗ್ಗಿತು. ಅಣ್ಣ ಅಳೆದ. ಒಂದು ಗೇಣು, ನಾಲ್ಕು ಬೆರಳು. ತಮ್ಮನೂ ಅಳೆದ. ಸರಿಯಾಗಿತ್ತು.

"ಇನ್ಮೇಕೆ ಇದ್ನ ಯಾರೂ ಮುಟ್ಬಾರ್ದು ಕಣ್ ಮೇಷ್ಟ್ರೇ" ಅಂದ ಅಣ್ಣ.

ಮುಟ್ಟಲಿಲ್ಲ. ಉಳಿದ ಮೂರನ್ನೂ ಎಂಟುನೂರಕ್ಕೇ ಇಳಿಸಿ, ಸಂಸ್ಥೆಯವರ ಕಾಗದವನ್ನು ಮಡಚಿ, ಅಲುಗಾಡುತ್ತಿದ್ದ ಮೇಜಿನ ಕಾಲಿನಡಿ ಕೊಟ್ಟೆ. ತನಿಖೆಗೆ ಬರುವವರು ಬರಲಿ, ಎದುರಿಗೇ ಮಾತಾಡೋಣ ಅಂದುಕೊಂಡೆ. ಅಣ್ಣ ಮಾತ್ರ ಅಂದಿನಿಂದ ಸಂತೆಗೆ ಬಂದಾಗಲೆಲ್ಲ ಒಳಗೆ ಬಂದು ನಕ್ಷೆ ತೆಗೆಸಿ, ಗೇಣು ಹಾಕಿ, "ಅದೆ" ಅಂತ ಹೇಳಿ ಹೋಗುತ್ತಿದ್ದ.

೪. ತನಿಖೆ

ಅವರು ಬಂದದ್ದು ಸಂತೆಯ ದಿನ. ತಮಿಳು ಮಾತಾಡುವ, ಇಸ್ತ್ರಿ ಅಂಗಿಯ, ಐವತ್ತು ದಾಟಿದ ಅಧಿಕಾರಿ. ಬಸ್ಸಿನಲ್ಲಿ ಇಪ್ಪತ್ತೇಳು ತಿರುವು ಹತ್ತಿ ಬಂದಿದ್ದರು. ಮುಖ ನೋಡಿದೊಡನೆ ನನಗೆ ಹಳೆಯ ಎಂಜಿನಿಯರು ನೆನಪಾದ. ಒಳಗೆ ಟೀಚರಮ್ಮ ಅಭ್ಯಾಸ ಮಾಡುತ್ತಿದ್ದರು. ತಿಗನಾರೆಯ ಅಣ್ಣ ತನ್ನ ಹೊಲ ಅಳೆದು ಮುಗಿಸಿ ಬೆಂಚಿನ ಮೇಲೆ ಕೂತಿದ್ದ.

ಅಧಿಕಾರಿ ನಾಲ್ಕೂ ಪರದೆ ನೋಡಿದರು. "ಇದೇನ್ರೀ, ಸಿನಿಮಾ ಪೋಸ್ಟರಾ? ನಮ್ಮ ಕಾಗದ ತಲುಪಲಿಲ್ಲವಾ?"

"ತಲುಪಿದೆ ಸಾರ್. ಬಹಳ ಉಪಯೋಗಕ್ಕೆ ಬಂದಿದೆ" ಅಂದೆ. ಮೇಜು ಅಲುಗಾಡದೆ ನಿಂತಿತ್ತು.

"ಈ ಸೆಂಟರಿನ ಅನುಮತಿ ರದ್ದು ಮಾಡಲು ಈಗಲೇ ವರದಿ ಬರೆಯುತ್ತೇನೆ."

ಟೀಚರಮ್ಮನ ಕೈ ಕೀಬೋರ್ಡಿನ ಮೇಲೆ ಹಾಗೇ ನಿಂತಿತು. ನಾನು ಎದ್ದು ಕುರ್ಚಿ ಎಳೆದುಕೊಟ್ಟೆ. "ಬರೀರಿ ಸಾರ್. ಕುರ್ಚಿ ತಗೊಳ್ಳಿ" ಅಂದೆ.

ಅವರು ತಮ್ಮ ತೆಳ್ಳಗಿನ ಹೊಸ ಲ್ಯಾಪ್‌ಟಾಪು ತೆರೆದರು. ಅಂಥ ಸಣ್ಣ ಅಕ್ಷರವನ್ನು ನಾನು ಔಷಧಿ ಬಾಟಲಿಯ ಮೇಲೂ ನೋಡಿಲ್ಲ. ಅವರು ಕನ್ನಡಕ ತೆಗೆದರು, ಒರೆಸಿದರು, ಹಾಕಿದರು, ಹಣೆಗೆ ಏರಿಸಿದರು. ಮೂಗು ಮುಂದೆ ಮುಂದೆ ಹೋಯಿತು.

"ಮೊಳ!" ಅಂದರು ಟೀಚರಮ್ಮ. ಅಭ್ಯಾಸಬಲ, ಬಾಯಿ ತಪ್ಪಿ ಬಂದುಬಿಟ್ಟಿತ್ತು.

ಅಧಿಕಾರಿ ತಲೆಯೆತ್ತಿ ನೋಡಿ, ಮತ್ತೆ ಬಾಗಿ, ಎರಡು ಸಾಲು ಬರೆದು, ಅಳಿಸಿ, ಹಣೆ ಒತ್ತಿಕೊಂಡರು. ಘಾಟಿಯ ತಿರುವುಗಳು ತಲೆಯಲ್ಲಿ ಇನ್ನೂ ಸುತ್ತುತ್ತಿದ್ದಿರಬೇಕು. "ನೀವೇ ಟೈಪು ಮಾಡಿಬಿಡಿ, ನಾನು ಹೇಳುತ್ತೇನೆ" ಅಂದರು.

ಹೀಗೆ ನನ್ನ ಸೆಂಟರನ್ನು ಮುಚ್ಚಿಸುವ ವರದಿಯನ್ನು ನನ್ನದೇ ಪರದೆಯ ಮೇಲೆ ನಾನೇ ಟೈಪು ಮಾಡಲು ಕೂತೆ. ಅಕ್ಷರಗಳೋ ದೊಡ್ಡವು. ಅವರು ತಮಿಳಿನಲ್ಲಿ ಹೇಳಿದ ಒಂದೊಂದು ಸಾಲನ್ನೂ ಟೀಚರಮ್ಮ ಹಿಂದಿನ ಕುರ್ಚಿಯಿಂದಲೇ ಓದಿ, ತಮಿಳು ಓದಲು ಬಾರದ ಅಣ್ಣನಿಗೆ ಕನ್ನಡದಲ್ಲಿ ಹೇಳುತ್ತಿದ್ದರು.

"'ಇಲ್ಲಿ ಅಕ್ಷರಗಳು ಅಗತ್ಯಕ್ಕಿಂತ ದೊಡ್ಡವಾಗಿವೆ' ಅಂತ ಬರ್ಸವ್ರೆ."

ಅಣ್ಣ ಬೆಂಚಿನಿಂದ ಎದ್ದು ಬಂದು, ಟೀಚರಮ್ಮನ ತಮಿಳಿನ ಮೂಲಕ ಕೇಳಿದ. "ಸಾಮಿ, ನಿಮ್ಗೆ ಅಲ್ಲಿಂದ ಕಾಣ್ತದಾ?"

"ಚೆನ್ನಾಗಿ ಕಾಣುತ್ತದೆ" ಅಂದರು ಅಧಿಕಾರಿ. ಅವರು ಬೆನ್ನು ನೆಟ್ಟಗೆ ಮಾಡಿ, ಸರಿಯಾಗಿ ಒಂದು ಮೊಳ ದೂರದಲ್ಲಿ, ಆರಾಮಾಗಿ ಒರಗಿ ಕೂತಿದ್ದರು.

"ತಲೆ ಸುತ್ತು?"

"ಈಗ ಇಲ್ಲ."

"ಅಂಗಾರೆ ಅದ್ನೂ ಬರ್ಸಿ. ಇರೋದ್ ಬರ್ಸಕ್ಕೇನು?"

ಅಧಿಕಾರಿ ಪರದೆಯ ಆ ಸಾಲನ್ನು ಇನ್ನೊಂದು ಸಲ ಓದಿದರು. ಆಮೇಲೆ ಟೀಚರಮ್ಮನನ್ನು ನೋಡಿದರು. "ನೀವು ಎಷ್ಟು ಹೊತ್ತಿನಿಂದ ಕೂತಿದ್ದೀರಿ?"

"ಎರಡು ಗಂಟೆ ಸಾರ್. ತಲೆನೋವಿಲ್ಲ" ಅಂದರು ಟೀಚರಮ್ಮ, ಕೇಳದಿದ್ದುದಕ್ಕೂ ಸೇರಿಸಿ.

"ಅಗತ್ಯಕ್ಕಿಂತ ದೊಡ್ಡವು ಅನ್ನುವುದನ್ನು ತೆಗೆಯಿರಿ" ಅಂದರು ನನಗೆ. "ಅಗತ್ಯಕ್ಕೆ ತಕ್ಕಂತಿವೆ ಅಂತ ಹಾಕಿ. ಅನುಮತಿ ಮುಂದುವರಿಸಬಹುದು ಅಂತಲೂ ಹಾಕಿ."

ನನ್ನ ಬೆರಳು ಅಷ್ಟು ವೇಗವಾಗಿ ಯಾವತ್ತೂ ಓಡಿರಲಿಲ್ಲ. ಅದಾದ ಕೆಲವೇ ದಿನದಲ್ಲಿ ಟೀಚರಮ್ಮ ಅದೇ ಕುರ್ಚಿಯಲ್ಲಿ ಕೂತು ಪರೀಕ್ಷೆ ಬರೆದು ಪಾಸಾದರು ಅನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ವರದಿಯನ್ನು ಪೆನ್ ಡ್ರೈವಿನಲ್ಲಿ ಹಾಕಿಕೊಟ್ಟೆ. ಅವರು ತಮ್ಮ ಲ್ಯಾಪ್‌ಟಾಪಿನಲ್ಲಿ ತೆರೆದರು. ಮತ್ತೆ ರಾಗಿಕಾಳು. ಅಣ್ಣ ಕೇಳದೆಯೇ ಕೈ ಚಾಚಿ ವರದಿಯ ಒಂದು ಸಾಲಿನ ಮೇಲೆ ಗೇಣು ಹಾಸಿದ. ಸಾಲು ಮುಗಿದರೂ ಗೇಣು ಇನ್ನೂ ಅರ್ಧ ಉಳಿದಿತ್ತು.

"ಅಯ್ಯೋ ಸಾಮಿ! ನಿಮ್ದನ್ನ ಯಾರೋ ಅರ್ಧಕ್ಕರ್ಧ ಒತ್ಕಂಬುಟ್ಟವ್ರೆ. ಕಲೆಕ್ಟರ್‌ಗೊಂದು ಅರ್ಜಿ ಕೊಡಿ. ನಮ್ ಮೇಷ್ಟ್ರು ಚೆಂದಾಗಿ ಟೈಪ್ ಮಾಡ್ಕೊಡ್ತರೆ."

ಟೀಚರಮ್ಮ ನಗು ತಡೆಯಲಾರದೆ ಸೆರಗು ಬಾಯಿಗೆ ಒತ್ತಿಕೊಂಡರು. ಅದನ್ನು ನಾನು ತಮಿಳಿನಲ್ಲಿ ಹೇಳಿದ ಮೇಲೆ ಅಧಿಕಾರಿಯೂ ಮೊದಲ ಸಲ ನಕ್ಕರು. ಆಮೇಲೆ ದನಿ ಇಳಿಸಿ, "ಅರ್ಜಿ ಬೇಡ. ಇದನ್ನೂ ನಿಮ್ಮದರ ಹಾಗೆ ಮಾಡಿಕೊಡಿ" ಅಂದರು.

ಗೆದ್ದ ಸಂಭ್ರಮದಲ್ಲಿ ಲ್ಯಾಪ್‌ಟಾಪನ್ನು ಎಳೆದುಕೊಂಡೆ. ಅಕ್ಷರ ದೊಡ್ಡದು ಮಾಡುವ ಜಾಗ ಅದರೊಳಗೇ ಇದೆ. ಆ ಜಾಗದ ಹೆಸರನ್ನು ಓದಬೇಕು. ಓದಲು ಹೋದರೆ ಒಂದಕ್ಷರವೂ ಕಾಣುತ್ತಿಲ್ಲ. ಮೂವರೂ ನನ್ನನ್ನೇ ನೋಡುತ್ತಿದ್ದಾರೆ. ಮೂಗು ಮುಂದೆ ಹೋಗುವಂತಿಲ್ಲ, "ಮೊಳ" ಅನ್ನಲು ಟೀಚರಮ್ಮ ಕಾದು ಕೂತಿದ್ದಾರೆ.

ಬೇರೆ ದಾರಿಯಿರಲಿಲ್ಲ. ಡ್ರಾಯರು ಎಳೆದು, ಕಾರ್ಬನ್ ಕಾಗದ ಸರಿಸಿ, ಚಾಮರಾಜನಗರದ ಚಾಳೀಸನ್ನು ತೆಗೆದು ಮೂಗಿನ ಮೇಲೆ ಇಟ್ಟೆ.

"ಮೇಷ್ಟ್ರೇ, ಚಾಳೀಸಾ?" ಅಂದರು ಟೀಚರಮ್ಮ.

"ಊಂ ಕಣಮ್ಮ" ಅಂದೆ, ತಲೆಯೆತ್ತದೆ. "ಕಣ್ಣು ಕಾಣ್ದೆ ಇರೋದು ಅವ್ರ ಲ್ಯಾಪ್‌ಟಾಪ್‌ಗೆ. ಅದಕ್ಕೆ ಮೂಗಿಲ್ವಲ್ಲ, ಅದಕ್ಕೇ ನಾನ್ ಆಕ್ಕಂಡಿದ್ದೀನಿ."