ನಾಲ್ಕನೆಯ ಬಾಯಿ

ದರ್ಜಿಯ ಕಾರಿಗೆ ನಡುಕದ ಕಾಯಿಲೆ. ಸ್ಟಾರ್ಟ್ ಮಾಡಿದರೆ ಸಾಕು, ಬಾನೆಟ್ಟಿನಿಂದ ಡಿಕ್ಕಿಯವರೆಗೆ ಮೈಯೆಲ್ಲ ಗಡಗಡ ಎನ್ನುತ್ತಿತ್ತು. ಹಿಂದಿನ ಸೀಟಿನಲ್ಲಿ ಕೂತವರು ಮಾತಾಡಿದರೆ ತೊದಲಿದಂತೆ ಕೇಳುತ್ತಿತ್ತು. ಹೆಂಡತಿ ಅದನ್ನು ಹತ್ತುವುದನ್ನೇ ಬಿಟ್ಟಿದ್ದಳು. ದರ್ಜಿಗೆ ಮಾತ್ರ ಅದೆಂದರೆ ಪ್ರಾಣ. ಅಂಗಡಿಯಲ್ಲಿ ಕೈ ಕತ್ತರಿಯ ಮೇಲಿದ್ದರೂ ಕಣ್ಣು ಕಿಟಕಿಯಾಚೆ ನಿಂತ ಕಾರಿನ ಮೇಲೆಯೇ ಇರುತ್ತಿತ್ತು. ಹಾಗಾಗಿಯೇ ಒಂದಿಬ್ಬರು ಗಿರಾಕಿಗಳ ಪ್ಯಾಂಟಿನ ಕಾಲುಗಳು ಗಿಡ್ಡವಾಗಿದ್ದವು.

ಆ ರಜೆಯ ದಿನ ಬೆಳಿಗ್ಗೆ ಹೆಂಡತಿ ಕಾಫಿ ಲೋಟ ಮುಂದಿಟ್ಟು ಎರಡು ವಿಷಯ ಹೇಳಿದಳು. ಸಂಜೆ ಅವಳು ಅಕ್ಕನ ಮನೆಗೆ ಹೋಗಬೇಕು, ಅಷ್ಟರಲ್ಲಿ ಅವಳ ಕೋಟು ಮುಗಿದಿರಬೇಕು. ಊರಿಗೆಲ್ಲ ಕೋಟು ಹೊಲಿಯುವ ಗಂಡ ಹೆಂಡತಿಯ ಬಟ್ಟೆಯನ್ನು ಕತ್ತರಿಸಿ, ಅರ್ಧ ಹೊಲಿದು, ಮೇಜಿನ ಮೇಲೆ ಹರವಿಟ್ಟು ಒಂದು ಇಡೀ ಚಳಿಗಾಲ ಕಳೆದಿತ್ತು. ಎರಡನೆಯದು, ಸಂಜೆ ಅವಳ ಅಣ್ಣ ಹಗ್ಗ ತರುತ್ತಾನೆ. ಕಾರು ನಡುಗದೆ ನಿಂತರೆ ಮನೆಯಲ್ಲೇ ಇರಲಿ. ನಡುಗಿದರೆ ಅದು ಅವನದು, ಎಳೆದುಕೊಂಡು ಹೋಗಿ ಗುಜರಿಗೆ ಹಾಕುತ್ತಾನೆ.

“ಅಣ್ಣನಿಗೆ ಮಾತು ಕೊಟ್ಟಾಯ್ತು. ಇನ್ನು ನೀವುಂಟು, ನಿಮ್ಮ ಕಾರುಂಟು,” ಎಂದಳು.

ದರ್ಜಿ ಕಾಫಿ ಲೋಟ ಅಲ್ಲೇ ಬಿಟ್ಟು ಎದ್ದ. ಮೆಕ್ಯಾನಿಕ್ ಹಿಂದೊಮ್ಮೆ ಬಾನೆಟ್ ಎತ್ತಿ ಕಿವಿಗೊಟ್ಟು ಕೇಳಿ, ನಾಲ್ಕು ಇಂಜೆಕ್ಟರುಗಳಲ್ಲಿ ಯಾವುದೋ ಒಂದು ಪೆಟ್ರೋಲನ್ನು ಸರಿಯಾಗಿ ಚಿಮ್ಮುತ್ತಿಲ್ಲ ಎಂದಿದ್ದ. ಅವುಗಳ ಮುಖ ನೋಡಬೇಕಾದರೆ ಮೇಲೆ ಕೂತಿರುವ ಮ್ಯಾನಿಫೋಲ್ಡನ್ನು, ಅಂದರೆ ಇಂಜಿನ್ನಿಗೆ ಗಾಳಿ ಹಂಚುವ ಆ ಕೊಳವೆಗಳ ಗೊಂಚಲನ್ನು, ಬಿಚ್ಚಿ ಎತ್ತಬೇಕು. ಪುರಸೊತ್ತಾದಾಗ ನೋಡೋಣ ಎಂದು ಹೋದವನು ಮತ್ತೆ ಈ ಕಡೆ ತಲೆ ಹಾಕಿರಲಿಲ್ಲ. ಸರಿ, ಬಿಚ್ಚುವುದು ತಾನೇ, ದಿನಾ ಹೊಲಿಗೆ ಬಿಚ್ಚುವವನಿಗೆ ಇದೇನು ದೊಡ್ಡದು ಎಂದುಕೊಂಡು ದರ್ಜಿ ಸ್ಪ್ಯಾನರ್ ಎತ್ತಿಕೊಂಡ.

ಬೀದಿಯಲ್ಲಿ ಯಾರಾದರೂ ಬಾನೆಟ್ ಎತ್ತಿದರೆ ನೆರೆಯವರಿಗೆ ಅದು ಹೇಗೋ ಗೊತ್ತಾಗಿಬಿಡುತ್ತದೆ. ಮೊದಲು ಬಂದವರು ಎದುರುಮನೆಯ ಸ್ಟೇಷನ್ ಮಾಸ್ಟರು. ನಿವೃತ್ತರಾಗಿ ವರ್ಷಗಳಾಗಿದ್ದರೂ ಅವರ ಅನುಮತಿಯಿಲ್ಲದೆ ಬೀದಿಯಲ್ಲಿ ಏನೂ ಹೊರಡುವಂತಿರಲಿಲ್ಲ. ಅವರ ಹಿಂದೆಯೇ ಮಹಡಿಯ ಮೇಲಿನ ಹಲ್ಲಿನ ಡಾಕ್ಟರು ಇಳಿದು ಬಂದರು. ರಜೆಯ ದಿನ ಯಾರೂ ಬಾಯಿ ತೆರೆಯದೆ ಅವರಿಗೆ ಬೇಜಾರಾಗಿತ್ತು. ಟಾರ್ಚು ಹಿಡಿದು ಇಂಜಿನ್ನಿನೊಳಗೆ ಇಣುಕಿ, ನೋವು ಯಾವ ಕಡೆ ಎಂದು ವಿಚಾರಿಸಿದರು.

ಬೋಲ್ಟುಗಳು ಒಂದೊಂದಾಗಿ ಬಂದವು. ಬರಲೊಲ್ಲದ್ದನ್ನು ಡಾಕ್ಟರು ತಮ್ಮ ವಿದ್ಯೆಯಂತೆ ಅತ್ತಿತ್ತ ಅಲುಗಿಸಿ ಸಡಿಲ ಮಾಡಿದರು. ಕೊನೆಯದು ಕಿತ್ತು ಬಂದಾಗ ದರ್ಜಿ ಮ್ಯಾನಿಫೋಲ್ಡನ್ನು ಎರಡೂ ಕೈಯಲ್ಲಿ ತಬ್ಬಿ, ತೊಟ್ಟಿಲಿನಿಂದ ಮಗುವನ್ನು ಎತ್ತಿಕೊಳ್ಳುವ ಹಾಗೆ ಮೆಲ್ಲಗೆ ಮೇಲೆತ್ತಿದ.

ಮೂವರೂ ಬಗ್ಗಿ ನೋಡಿದರು. ಕೆಳಗೆ ಸಾಲಾಗಿ ನಾಲ್ಕು ದುಂಡು ಬಾಯಿಗಳು ತೆರೆದು ನಿಂತಿದ್ದವು. ಒಳಗೆ ಕತ್ತಲು, ಕತ್ತಲಿನ ಆಳದಲ್ಲಿ ಒಂದಿಷ್ಟೇ ಲೋಹದ ಮಿಂಚು. ಪಕ್ಕದಲ್ಲಿ ಬೆರಳಿನಷ್ಟೇ ಉದ್ದದ ನಾಲ್ಕು ಇಂಜೆಕ್ಟರುಗಳು ಒಂದಕ್ಕೊಂದು ಭುಜ ತಾಗಿಸಿಕೊಂಡಂತೆ ಕೂತಿದ್ದವು. ಇಷ್ಟು ಚಿಕ್ಕವು ಸೇರಿಕೊಂಡು ಮನೆಮಂದಿಯನ್ನೆಲ್ಲ ಹೊತ್ತು ಗುಡ್ಡ ಹತ್ತಿಸಿದ್ದವು. ದರ್ಜಿಯ ಎದೆ ತುಂಬಿ ಬಂತು. ಮುಚ್ಚಿದ ಬಾಗಿಲಿನ ಹಿಂದೆ ಇಷ್ಟು ಅಚ್ಚುಕಟ್ಟಾದ ಸಂಸಾರ ನಡೆಯುತ್ತಿತ್ತು, ಅವನಿಗೆ ಗೊತ್ತೇ ಇರಲಿಲ್ಲ. ಸ್ಟೇಷನ್ ಮಾಸ್ಟರು ಯಾಕೆಂದು ಅವರಿಗೇ ತಿಳಿಯದೆ ಟೋಪಿ ತೆಗೆದರು.

ಮೊದಲು ಎಚ್ಚೆತ್ತವರು ಡಾಕ್ಟರು. “ಬಾಯಿ ತೆರೆದಿಟ್ಟು ನಿಲ್ಲಬಾರದು. ಒಂದು ಮೊಳೆ ಒಳಗೆ ಬಿತ್ತೋ, ಮುಗೀತು ಕತೆ. ಬಟ್ಟೆ ತುರುಕಿ,” ಎಂದರು.

ದರ್ಜಿಯ ಮನೆಯಲ್ಲಿ ಬಟ್ಟೆಗೇನು ಬರ. ಅವನು ಒಳಗೆ ಓಡಿ, ಮೇಜಿನ ಮೇಲೆ ಕೈಗೆ ಸಿಕ್ಕಿದ ಚೂರುಗಳನ್ನು ಬಾಚಿಕೊಂಡು ಬಂದು, ಕಣ್ಣನ್ನು ಇಂಜೆಕ್ಟರುಗಳ ಮೇಲೆಯೇ ನೆಟ್ಟು ಬಾಯಿಗಳಿಗೆ ತುರುಕಿದ.

ಆಮೇಲೆ ಪರೀಕ್ಷೆ. ಇಂಜೆಕ್ಟರುಗಳನ್ನು ಅವುಗಳ ಪೈಪಿನ ಸಮೇತ ಮೇಲೆತ್ತಿ ಕಟ್ಟಿ, ಒಂದೊಂದರ ಕೆಳಗೆ ಒಂದೊಂದು ಗಾಜಿನ ಲೋಟ ಹಿಡಿದರು. ಅಷ್ಟರಲ್ಲಿ ಅರ್ಧ ಬೀದಿ ಬಂದು ಸೇರಿತ್ತು. ಸ್ಟೇಷನ್ ಮಾಸ್ಟರು ಸಿಗರೇಟು ಕೈಯಲ್ಲಿದ್ದವರನ್ನೆಲ್ಲ ಬೀದಿಯ ಕೊನೆಗೆ ಅಟ್ಟಿ, ದಾರಿ ಸುರಕ್ಷಿತವೆಂದು ಕೈ ಎತ್ತಿ ತೋರಿಸಿದ ಮೇಲೆಯೇ ದರ್ಜಿ ಕೀಲಿ ತಿರುಗಿಸಿದ.

ಮೂರು ಇಂಜೆಕ್ಟರುಗಳಿಂದ ಪೆಟ್ರೋಲು ಹನಿಯಾಗಿ ಬರಲಿಲ್ಲ, ಮಂಜಾಗಿ ಬಂತು. ಅದು ಕೊಡೆಯಂತೆ ಅರಳಿ, ಬಿಸಿಲಿಗೆ ಬಣ್ಣ ತೋರಿಸಿ, ಲೋಟದೊಳಗೆ ಸದ್ದಿಲ್ಲದೆ ಇಳಿಯಿತು. ನೆರೆದವರು ಉಸಿರು ಬಿಗಿಹಿಡಿದರು. ಮತ್ತೊಮ್ಮೆ ತೋರಿಸಿ ಎಂದು ಯಾರೋ ಕೇಳಿದರು, ಮತ್ತೊಮ್ಮೆ ಎಂದು ಇನ್ಯಾರೋ. ಹಿಂದೆ ನಿಂತಿದ್ದವರು ಮನೆಯಿಂದ ಕುರ್ಚಿ ತಂದು ಅದರ ಮೇಲೆ ಹತ್ತಿ ನಿಂತರು. ಬೆಳಗಿನಿಂದ ಈ ಕಡೆ ತಿರುಗಿಯೂ ನೋಡದಿದ್ದ ಹೆಂಡತಿ ಸೌಟು ಹಿಡಿದುಕೊಂಡೇ ಬಂದವಳು, ಸೌಟನ್ನು ಮರೆತು ನಿಂತಳು.

“ಇದು ಇಷ್ಟು ದಿನ ನಮ್ಮ ಕಾರೊಳಗೇ ಇತ್ತಾ?” ಎಂದು ಮೆಲ್ಲಗೆ ಕೇಳಿದಳು.

ಮದುವೆಯಾದಂದಿನಿಂದ ಅವಳ ಬಾಯಲ್ಲಿ ‘ನಿಮ್ಮ ಕಾರು’ ಎಂಬ ಮಾತನ್ನೇ ಕೇಳಿದ್ದ ದರ್ಜಿಗೆ ನೆಲದಿಂದ ಒಂದು ಗೇಣು ಮೇಲೆದ್ದಂತಾಯಿತು.

ನಾಲ್ಕನೆಯದು ಮಾತ್ರ ನೆಗಡಿಯಾದ ಮೂಗಿನಂತೆ ತೊಟ್ಟಿಕ್ಕುತ್ತಿತ್ತು. ಕಳ್ಳ ಸಿಕ್ಕಿಬಿದ್ದ. ಡಾಕ್ಟರು ಅದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಮಹಡಿಗೆ ಒಯ್ದು, ತಮ್ಮ ಚಿಮಟ ಇಕ್ಕಳಗಳನ್ನು ತೊಳೆಯುವ ಯಂತ್ರದಲ್ಲಿ ಮುಳುಗಿಸಿದರು. ನೀರು ಗುಂಯ್ ಎಂದು ನಡುಗಿದ್ದೇ ತಡ, ಅದರ ಬಾಯಿಂದ ಕಪ್ಪು ಹೊಗೆಯಂತೆ ವರ್ಷಗಳ ಕೊಳೆ ಹೊರಟಿತು. ಕೆಲವರು ಮೆಟ್ಟಿಲೇರಿ ಅದನ್ನೂ ನೋಡಿ ಬಂದರು.

ಆ ಬಿಡುವಿನಲ್ಲಿ ಹೆಂಡತಿಗೆ ಕೋಟು ನೆನಪಾಯಿತು. ದರ್ಜಿ ಮಷೀನಿನ ಮುಂದೆ ಕೂತು ತೋಳು ಜೋಡಿಸಿದ, ಕಾಲರ್ ಕೂರಿಸಿದ. ಬಲಗಡೆಯ ಜೇಬಿನ ಒಳಚೀಲ ಇತ್ತು, ಎಡಗಡೆಯದು ಕಾಣಲಿಲ್ಲ. ಮೇಜಿನ ಕೆಳಗೆ ಹುಡುಕಿದ, ಬುಟ್ಟಿ ತಡಕಾಡಿದ. ಅಷ್ಟರಲ್ಲಿ ಬೀದಿಯಿಂದ ಸ್ಟೇಷನ್ ಮಾಸ್ಟರು ಕೂಗಿದರು. ಎಡಗಡೆಯ ಜೇಬಿಗೆ ಯಾರು ಕೈ ಹಾಕುತ್ತಾರೆ, ನಾಳೆ ಹೊಲಿದರಾಯಿತು ಎಂದುಕೊಂಡು ಜೇಬಿದ್ದಂತೆ ಕಾಣಲು ಮೇಲೆ ಬರಿಯ ಪಟ್ಟಿ ಕೂರಿಸಿ, ಕೋಟನ್ನು ಹೆಂಡತಿಯ ಕೈಗಿತ್ತು ಓಡಿದ.

ತೊಳೆದ ಇಂಜೆಕ್ಟರು ಈಗ ಉಳಿದ ಮೂರನ್ನೂ ನಾಚಿಸುವಂತೆ ಮಂಜು ಚೆಲ್ಲಿತು. ಬೀದಿ ಚಪ್ಪಾಳೆ ತಟ್ಟಿತು. ದರ್ಜಿ ಬಾಯಿಗಳಿಂದ ಬಟ್ಟೆ ಕಿತ್ತ. ಕೆಂಪು ಬಂತು, ಹಳದಿ ಬಂತು, ಬಿಳಿ ಬಂತು. ನಾಲ್ಕನೆಯದಕ್ಕೆ ಇಣುಕಿದ, ಕಪ್ಪಗೆ, ಆಳವಾಗಿ, ಹೇಗಿರಬೇಕೋ ಹಾಗೇ ಇತ್ತು. ಅದರ ಬಟ್ಟೆಯನ್ನು ಡಾಕ್ಟರು ತೆಗೆದಿರಬೇಕೆಂದು ದರ್ಜಿ ತಿಳಿದ. ದರ್ಜಿ ತೆಗೆದಿರಬೇಕೆಂದು ಡಾಕ್ಟರು ತಿಳಿದರು. ಮ್ಯಾನಿಫೋಲ್ಡ್ ತನ್ನ ಜಾಗದಲ್ಲಿ ಕೂತಿತು, ಬೋಲ್ಟುಗಳು ಬಿಗಿಯಾದವು, ಒಂದೂ ಮಿಗಲಿಲ್ಲ.

ಅಷ್ಟು ಹೊತ್ತಿಗೆ ಭಾವ ಹಗ್ಗ ಹಿಡಿದು ಬಂದ. ಹೆಂಡತಿಯ ಅಣ್ಣನೆಂದರೆ ಎಂಥ ವಸ್ತುವಿಗೂ ಅದರ ಕೊನೆಗಾಲ ಹೇಳಬಲ್ಲ ಮನುಷ್ಯ. ಅವನ ಮುಂದೆಯೇ ದರ್ಜಿ ಎದೆಯುಬ್ಬಿಸಿ ಕೀಲಿ ತಿರುಗಿಸಿದ.

ಕಾರು ಗಡಗಡ ನಡುಗಿತು. ಅದೇ ನಡುಕ, ಅದೇ ತಾಳ.

ಕುರ್ಚಿ ಹತ್ತಿದ್ದವರು ಒಬ್ಬೊಬ್ಬರಾಗಿ ಇಳಿದರು. ದರ್ಜಿಗೆ ಅಳು ನುಗ್ಗಿ ಬಂತು, ಇಂಜಿನ್ ಆರಿಸಲೂ ಕೈ ಬರಲಿಲ್ಲ. ಭಾವ ಹಗ್ಗ ಬಿಚ್ಚಿ, ಮಂಡಿಯೂರಿ, ಬಂಪರಿನ ಕೆಳಗೆ ಗಂಟು ಹಾಕತೊಡಗಿದ.

ಆಗ ಹೆಂಡತಿ ಹೊಸ ಕೋಟು ತೊಟ್ಟು ಹೊರಬಂದಳು. ಕೋಟು ಅವಳಿಗೆ ಹೇಳಿ ಮಾಡಿಸಿದಂತಿತ್ತು. ಮನೆಗೆ ಬೀಗ ಹಾಕಿ ಬೀಗದ ಕೈಯನ್ನು ಜೇಬಿಗೆ ಹಾಕಲು ಹೋದಳು. ಅವಳು ಎಡಗೈಯವಳು. ಇಷ್ಟು ವರ್ಷ ಸಂಸಾರ ಮಾಡಿದ ಗಂಡನಿಗೆ ಅದು ನೆನಪಿರಬೇಕಿತ್ತು.

“ಇದರ ಜೇಬೆಲ್ಲಿ?” ಎಂದಳು.

“ಅದರ ಕಪ್ಪು ಒಳಚೀಲ...” ಎಂದು ಶುರುಮಾಡಿದ ದರ್ಜಿ ಮಾತನ್ನು ಅಲ್ಲೇ ನಿಲ್ಲಿಸಿದ. ಅವನ ಕಣ್ಣು ನಿಧಾನವಾಗಿ ಬಾನೆಟ್ಟಿನ ಕಡೆ ಹೊರಳಿತು. ಡಾಕ್ಟರ ಕಣ್ಣೂ ಅಲ್ಲಿಗೇ ಹೋಯಿತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು.

ದರ್ಜಿ ಕಾರಿನಿಂದ ಜಿಗಿದು ಎಲ್ಲವನ್ನೂ ಒಂದೇ ಉಸಿರಿಗೆ ಒದರಿದ. ಕಾರಿಗೆ ಏನೂ ಆಗಿಲ್ಲ, ನಾಲ್ಕನೆಯ ಬಾಯಲ್ಲಿ ಜೇಬು ಸಿಕ್ಕಿಕೊಂಡಿದೆ, ಅದನ್ನು ತೆಗೆದರೆ ಹೂವಿನ ಹಾಗೆ ಹಗುರಾಗಿ ಓಡುತ್ತದೆ ಎಂದ. ಬೀದಿಯೂ ಹೌದೆಂದು ಸಾಕ್ಷಿ ಹೇಳಿತು. ಮಂಜು ಹೇಗೆ ಅರಳಿತು, ಎಂಥ ಬಣ್ಣ ತೋರಿಸಿತು ಎಂದು ಒಬ್ಬರ ಮೇಲೊಬ್ಬರು ಬಣ್ಣಿಸಿದರು. ಕೇಳುತ್ತಾ ಕೇಳುತ್ತಾ ಭಾವನ ಮುಖದ ಮೇಲೂ ಆ ಬೆರಗು ಹತ್ತಿಕೊಂಡಿತು. ಬಂಪರನ್ನು ಅಂಗೈಯಿಂದ ಮೆಲ್ಲಗೆ ಸವರಿದ.

ಹೆಂಡತಿ ಅಣ್ಣನಿಗೆ ಹೇಳಿದಳು, “ಹಗ್ಗ ಬಿಚ್ಚು. ನನ್ನ ಜೇಬು ಸಿಗೋವರೆಗೂ ಈ ಕಾರು ಎಲ್ಲಿಗೂ ಹೋಗಲ್ಲ.”

ದರ್ಜಿಗೆ ಹೋದ ಜೀವ ಬಂದಂತಾಯಿತು.

ಭಾವ ಹಗ್ಗ ಬಿಚ್ಚಿ ಸುರುಳಿ ಸುತ್ತಿಕೊಂಡ. “ಮಾತು ಮಾತೇ, ತಂಗಿ. ನಡುಗಿದರೆ ನನ್ನದು ಅಂದಿದ್ದೆ, ನಡುಗಿತು. ಆದರೆ ಇಂಥದನ್ನ ಗುಜರಿಗೆ ಹಾಕೋಕೆ ನನಗೇನು ಹುಚ್ಚಾ? ಜೇಬು ತೆಗೀಲಿ, ನಾನೇ ಓಡಿಸಿಕೊಂಡು ಹೋಗ್ತೀನಿ.”

ಹೆಂಡತಿ ಗಂಡನ ಮುಖ ನೋಡಿದಳು, ಕಾರಿನ ಮುಖ ನೋಡಿದಳು. ಕೊಟ್ಟ ಮಾತಿಗೆ ತಪ್ಪುವವಳಲ್ಲ. ಬೀಗದ ಕೈಯನ್ನು ಬಲಗಡೆಯ ಜೇಬಿಗೆ ಹಾಕಿಕೊಂಡು, ಇವತ್ತು ಬಸ್ಸಿಗೇ ಹೋಗುತ್ತೇನೆ ಎಂದು ಹೊರಟಳು.

ಇಳಿದಿದ್ದವರೆಲ್ಲ ಮತ್ತೆ ಕುರ್ಚಿ ಹತ್ತಿದರು. ಭಾವ ಮುಂದಿನ ಸಾಲಿನಲ್ಲೇ ಕೂತ. ಸ್ಟೇಷನ್ ಮಾಸ್ಟರು ಕೈ ಎತ್ತಿ ಹೊರಡಬಹುದೆಂದು ತೋರಿಸಿದರು. ದರ್ಜಿ ಸ್ಪ್ಯಾನರ್ ಎತ್ತಿಕೊಂಡು ಮೊದಲ ಬೋಲ್ಟಿಗೆ ಸಿಕ್ಕಿಸಿದ, ಒಂದು ಎಳೆ ತಿರುಗಿಸಿದ, ಹೊರತೆಗೆದು ಒರೆಸಿದ, ಬೆಳಕಿಗೆ ಹಿಡಿದು ನೋಡಿದ, ಮತ್ತೆ ಸಿಕ್ಕಿಸಿದ. ಹೆಂಡತಿಯ ಕೋಟಿಗೂ ಅವನು ಇಷ್ಟು ನಿಧಾನ ಮಾಡಿರಲಿಲ್ಲ.